ಬಾಳೆಹಣ್ಣು ಬಾರದ ಮನೆ

ನಮ್ಮ ಮಾವ ತೀರ್ಥಪ್ಪನವರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಹನ್ನೆರಡು ವರ್ಷದ ಹಿಂದೆ, ನಾನು ಸೊಸೆಯಾಗಿ ಈ ಮನೆಗೆ ಬಂದ ದಿನವೇ, ನನ್ನ ತವರಿನ ಬಾಳೆಗೊನೆಗಳನ್ನು ಅವರು ಊರಾಚೆಗೆ ಅಟ್ಟಿದ್ದರು. ಸೊಸೆ ಒಳಗೆ ಬರಬಹುದು, ಬಾಳೆಹಣ್ಣು ಬರಕೂಡದು. ಇಂಥ ಮರ್ಯಾದೆ ಯಾರಿಗಾದರೂ ಸಿಕ್ಕಿದೆಯೇ ಹೇಳಿ.

ನಮ್ಮಪ್ಪನದು ತರೀಕೆರೆಯಲ್ಲಿ ಬಾಳೆಕಾಯಿ ಮಂಡಿ. ನಾನು ಹುಟ್ಟಿ ಬೆಳೆದದ್ದೇ ಗೊನೆಗಳ ನಡುವೆ. ಕಾಯಿ ಹಣ್ಣಾಗಲು ಹೊಗೆ ಹಾಕಿ ಇಡುವ ಕತ್ತಲೆ ಕೋಣೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, "ಯಾವ್ ಮೂಲೇಲಿ ಹಣ್ಣಾಗೈತೆ ಹೇಳು ನೋಡಣ" ಎನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಮೂಗೆಳೆದು ಹೇಳುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ. ಅಂಥವಳ ಮದುವೆಗೆ ಅಪ್ಪ ಆರು ಗೊನೆ ಪುಟ್ಟಬಾಳೆ ಆರಿಸಿ, ಗೂಡ್ಸ್ ಆಟೋದಲ್ಲಿ ಹೇರಿ, ನನ್ನ ಹಿಂದೆಯೇ ಕಳಿಸಿದ್ದರು. ಆಟೋ ಮನೆ ಹತ್ತಿರ ಬರುತ್ತಿದ್ದ ಹಾಗೆ ಮಾವ ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದು, "ಅಲ್ಲೇ ನಿಲ್ಸಪ್ಪೋ! ಹಿಂದಕ್ಕ್ ತಗಿ! ಹುಣಿಸೆಮರದ ತಾವ ಇಳ್ಸು!" ಎಂದು ಕೂಗಿದರು. ಮುಂದೆ ನಡೆದದ್ದು ಇಷ್ಟೇ: ಊರ ಬಾಗಿಲ ಹುಣಿಸೆಮರದ ಕೆಳಗೆ ಇಡೀ ಊರು ನನ್ನ ತವರಿನ ಹಣ್ಣು ತಿಂದಿತು. ನನಗೆ ಒಂದು ಚಿಪ್ಪೂ ಉಳಿಯಲಿಲ್ಲ.

ರಾತ್ರಿ ನನ್ನ ಗಂಡ ಕಲ್ಲೇಶ್ ತಲೆ ಕೆರೆದುಕೊಳ್ಳುತ್ತಾ ನಿಂತರು. "ಹೇಳೋದು ಮರ್ತ್ಬಿಟ್ಟೆ ಕಣೇ. ನಮ್ಮನೇಲಿ ಬಾಳೆಹಣ್ಣು ತರಲ್ಲ. ಹುಳಕ್ಕೆ ಆಗಲ್ಲ."

ಹುಳ ಎಂದರೆ ಜೇನುಹುಳ. ಮನೆ ನೋಡಲು ಬಂದಾಗಲಾದರೂ ವಿಷಯ ಹೊರಬೀಳಬೇಕಿತ್ತು. ಆದರೆ ಮಂಡಿ ಇಟ್ಟುಕೊಂಡ ನಮ್ಮಪ್ಪ ದೊಡ್ಡಸ್ತಿಕೆ ತೋರಿಸಲು ಅಂದು ಸೇಬು ತಂದಿದ್ದರಂತೆ.

ಈ ಊರು ಪಂಚನಹಳ್ಳಿಯಿಂದಾಚೆ, ಗುಡ್ಡದ ಬುಡದಲ್ಲಿದೆ. ಮಣ್ಣಿಗಿಂತ ಕಲ್ಲು ಜಾಸ್ತಿ. ಬೋರ್‌ವೆಲ್ ನೀರು ಸಿಕ್ಕಿದ ಕಡೆ ತೆಂಗು, ಉಳಿದ ಕಡೆಯೆಲ್ಲ ಜಾಲಿ, ತಂಗಡಿ, ಹೊಂಗೆ, ಬಂಡೆಗಳ ಸಂದಿನಲ್ಲಿ ತುಂಬೆ. ಬಂದ ಹೊಸದರಲ್ಲಿ ಇದೆಂಥ ಒಣಕಲು ಗುಡ್ಡಕ್ಕೆ ನನ್ನನ್ನು ಕೊಟ್ಟರಪ್ಪಾ ಎಂದು ನನಗೆ ಅಳು ಬರುತ್ತಿತ್ತು. ಮಾವನ ಕಣ್ಣಿಗೆ ಅದೇ ಗುಡ್ಡದಲ್ಲಿ ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಹೂವು ಕಾಣುತ್ತಿತ್ತು. ಅವರ ಮುತ್ತಜ್ಜ ಮನೆಯ ಹಿಂಗೋಡೆಯಲ್ಲಿ ಗಡಿಗೆ ಹೂತು, ಹೊರಗಡೆಗೆ ಬೆರಳು ತೂರುವಷ್ಟು ತೂತು ಬಿಟ್ಟು, ತುಡುವೆ ಜೇನು ಸಾಕುತ್ತಿದ್ದರಂತೆ. ಗೋಡೆಯಲ್ಲಿ ಆ ತೂತುಗಳು ಇವತ್ತಿಗೂ ಇವೆ. ಮಾವನ ಕಾಲಕ್ಕೆ ಗಡಿಗೆ ಹೋಗಿ ಮರದ ಪೆಟ್ಟಿಗೆ ಬಂತು. ಮನೆಯ ಹಿಂದಿನ ಇಳಿಜಾರಿನಲ್ಲಿ ಕಲ್ಲುಗಂಬಗಳ ಮೇಲೆ ಹದಿನಾಲ್ಕು ಪೆಟ್ಟಿಗೆ. ಕಲ್ಲೇಶ್‌ಗೆ ಅವುಗಳ ಹತ್ತಿರ ಸುಳಿಯುವ ಹಾಗಿಲ್ಲ. ಒಂದು ಹುಳ ಕಡಿದರೂ ಅವರ ಮುಖ ಊದಿ, ಉಸಿರು ಸಿಕ್ಕಿಕೊಂಡು, ಆಸ್ಪತ್ರೆಗೆ ಓಡಬೇಕು. ಹಾಗಾಗಿ ಅವರು ಪಂಚನಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ.

ಬಾಳೆಹಣ್ಣಿನ ಗುಟ್ಟನ್ನು ಮಾವ ನನಗೆ ಹೇಳಿದ್ದು ಮದುವೆಯಾಗಿ ಒಂದು ವಾರಕ್ಕೆ. ನಾನು ಮುಖ ಊದಿಸಿಕೊಂಡೇ ಓಡಾಡುತ್ತಿದ್ದೆ. ಪಾಪ ಅನ್ನಿಸಿರಬೇಕು, ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದರು.

"ನೋಡವ್ವ, ಹುಳಕ್ಕೆ ಸಿಟ್ಟು ಬಂದ್ರೆ ಒಂದು ವಾಸ್ನೆ ಬಿಡ್ತದೆ. ಥೇಟ್ ಬಾಳೆಹಣ್ಣಿನ ವಾಸ್ನೆ. ಒಂದು ಬಿಡ್ತು ಅಂದ್ರೆ ಮಿಕ್ಕವೆಲ್ಲ ಕಡಿಯಾಕ್ ಬಾ ಅಂತ ಕರೆದಂಗೆ. ನೀನು ಹಣ್ಣು ತಿಂದು ಪೆಟ್ಟಿಗೆ ತಾವ ಹೋದ್ರೆ, ಯಾರೋ ಕರುದ್ರು ಅಂತ ಎಲ್ಲಾ ಎದ್ದ್ ಬತ್ತವೆ. ಅದೂ ಅಲ್ದೆ, ಮನೇಲೇ ಹಣ್ಣಿದ್ರೆ ಹುಳದ್ ಸಿಟ್ಟು ಯಾವುದು, ಹಣ್ಣು ಯಾವುದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

ಅವರು ಮುಖಕ್ಕೆ ಬಲೆ ಹಾಕುತ್ತಿರಲಿಲ್ಲ, ಕೈಗೆ ಗವಸಿಲ್ಲ. ತೆಂಗಿನ ನಾರಿನ ಹೊಗೆ ಸ್ವಲ್ಪ, ಉಳಿದದ್ದೆಲ್ಲ ಮೂಗು. ಪೆಟ್ಟಿಗೆಯ ಮುಂದೆ ಮಂಡಿಯೂರಿ, ಮೂಗು ಹತ್ತಿರ ತಂದು, "ಇವತ್ತು ಬ್ಯಾಡ" ಎಂದು ಎದ್ದುಬಿಡುವುದೂ ಇತ್ತು. ಬಾಳೆಹಣ್ಣಿನ ಎಳೆಯ ವಾಸನೆ ಬಂದರೆ ಸಾಕು, ಮುಚ್ಚಳ ಮುಚ್ಚಿ, "ತಪ್ಪಾಯ್ತು ಕಣ್ರವ್ವ" ಎಂದು ಹಿಂದೆ ಸರಿಯುತ್ತಿದ್ದರು. ಮನೆಯ ಪೂಜೆಗೂ ಬಾಳೆಹಣ್ಣಿಲ್ಲ, ಕೊಬ್ಬರಿ ಬೆಲ್ಲವೇ ನೈವೇದ್ಯ. ಅತ್ತೆ ಪಂಕಜಾಕ್ಷಿಯವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದರು: "ನಾನ್ ತವರಿಗೆ ಹೋಗೋದು ಯಾತುಕ್ಕೆ ಅಂದ್ಕೊಂಡೆ? ಅಣ್ಣನ್ನ ನೋಡಾಕಲ್ಲ, ಬಾಳೆಹಣ್ಣಿಗೆ!"

ಮಾವನ ಜೇನನ್ನು ಮಾರುತ್ತಿದ್ದವರು ಕಡೂರಿನ ನಜೀರ್ ಅಹಮದ್ ಸಾಬರು. ಎರಡೂ ಮನೆಗಳಿಗೆ ಮೂರು ತಲೆಮಾರಿನ ಒಡನಾಟ. ಅವರದು ಅತ್ತರಿನ ಅಂಗಡಿ, ಜೊತೆಗೆ ಜೇನು. ಅತ್ತರು ಹಚ್ಚಿದವರು ಪೆಟ್ಟಿಗೆಯ ಹತ್ತಿರ ಬರುವ ಹಾಗಿಲ್ಲವಲ್ಲ, ಸಾಬರು ನಮ್ಮೂರಿಗೆ ಬಂದರೆ ಅದೇ ಹುಣಿಸೆಮರದ ಕೆಳಗೆ ಕೂರುತ್ತಿದ್ದರು. ಚಹಾ ಅಲ್ಲಿಗೇ ಹೋಗಬೇಕು. ಮಾವ ಒಂದೊಂದೇ ಸೀಸೆ ತೆರೆದು, ಮೂಸಿ, ನಾಲಿಗೆಗೆ ಹಚ್ಚಿ, "ಇದು ತುಂಬೆ. ಇದು ಹೊಂಗೆ, ಒಂಚೂರು ಹುಣಿಸೆ ಸೇರೈತೆ. ಇದು ಗುಡ್ಡದ ಕಲಬೆರಕೆ ಹೂವು" ಎನ್ನುತ್ತಿದ್ದರು. ಸಾಬರು ಕೇಳಿದ್ದನ್ನು ಹಾಗೆಯೇ ಬರೆದು ಸೀಸೆಗೆ ಅಂಟಿಸುತ್ತಿದ್ದರು. "ತೀರ್ಥಪ್ಪನೋರ ಮೂಗಿಗಿಂತ ದೊಡ್ಡ ಲ್ಯಾಬ್ ಇಲ್ಲ ಕಣ್ರೀ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರಂತೆ.

ಎರಡನೇ ಅಲೆಯ ಕೊರೊನಾ ನಮ್ಮ ಮನೆಗೂ ಬಂತು. ಮಾವ ಹದಿನೈದು ದಿನ ತೋಟದ ಪಂಪ್‌ಮನೆಯಲ್ಲಿ ಒಬ್ಬರೇ ಇದ್ದರು. ವಾಸಿಯಾಗಿ ಎದ್ದು ಬಂದಾಗ ಸೊರಗಿದ್ದರು, ಅಷ್ಟೇ ಎಂದುಕೊಂಡೆವು. ಆಮೇಲೆ ಸಣ್ಣಸಣ್ಣದು ಕಾಣಿಸತೊಡಗಿತು. ಒಂದು ದಿನ ಸಾರು ತಳ ಹತ್ತಿ ಮನೆಯೆಲ್ಲ ಸೀದ ವಾಸನೆ, ಅವರು ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ಉಪ್ಪು ಮರೆತ ಮುದ್ದೆ ಸಾರನ್ನು ತುಟಿಪಿಟಕ್ಕೆನ್ನದೆ ಉಂಡರು. ಹುಣಿಸೆಮರದ ಕೆಳಗೆ ಸೀಸೆ ತೆರೆದವರು ಮೂಸುವ ಮೊದಲೇ "ಹೊಂಗೆ" ಎಂದುಬಿಡುತ್ತಿದ್ದರು. ವಯಸ್ಸಾಯಿತು, ಗಡಿಬಿಡಿ ಜಾಸ್ತಿಯಾಯಿತು ಎಂದು ನಾನು ಮನಸ್ಸಿನಲ್ಲೇ ಗೊಣಗಿದೆ. ನನಗೆ ಅಷ್ಟೇ ಬುದ್ಧಿ.

ಅಕ್ಟೋಬರಿನ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಕೂತಿದ್ದೆ. ಬಾಳೆಹಣ್ಣಿನ ವಾಸನೆ ಬಂತು. ಎಂಟು ವರ್ಷದ ಮೇಲೆ, ನನ್ನ ಅಡುಗೆಮನೆಯಲ್ಲಿ! ಅತ್ತೆ ಹಿಂದಿನ ದಿನವಷ್ಟೇ ತವರಿಂದ ಬಂದಿದ್ದರು. ನಾನು ಎದ್ದವಳೇ ಅವರ ಚೀಲ ತಡಕಿದೆ. ಮಗಳು ಕೃತಿಕಾಳ ಸ್ಕೂಲ್ ಬ್ಯಾಗು ತಲೆಕೆಳಗು ಮಾಡಿದೆ.

"ಅತ್ತೆ, ನಿಜ ಹೇಳಿ. ಎಲ್ಲಿಟ್ಟಿದ್ದೀರ?"

"ಏನೇ ಅದು?"

"ಬಾಳೆಹಣ್ಣು! ನನಗೊಂದು ಕಾನೂನು, ನಿಮಗೊಂದಾ?"

"ನನ್ ಲಿಂಗದಾಣೆ, ನಾ ತಂದಿಲ್ಲ ಕಣೇ" ಎಂದರು ಅತ್ತೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಮಾವನಿಗೇ ದೂರು ಕೊಡುತ್ತೇನೆಂದು ಹಿತ್ತಲ ಬಾಗಿಲು ತೆಗೆದೆ. ವಾಸನೆ ಮುಖಕ್ಕೆ ರಾಚಿತು. ಹೆಜ್ಜೆ ಮುಂದಿಟ್ಟಷ್ಟೂ ಜೋರಾಯಿತು. ಆಗ ನನ್ನ ತಲೆಗೆ ಹೊಳೆಯಿತು, ಇದು ಹಣ್ಣಲ್ಲ. ಇಳಿಜಾರಿನ ಮೂರನೇ ಪೆಟ್ಟಿಗೆಯ ಮುಂದೆ ಮಾವ ಮಂಡಿಯೂರಿ, ತೆರೆದ ಪೆಟ್ಟಿಗೆಯಿಂದ ಎರಿ, ಅಂದರೆ ಹುಳ ಕಟ್ಟಿದ ಮೇಣದ ಹಲಗೆ, ಎತ್ತಿ ಬೆಳಕಿಗೆ ಹಿಡಿದು, ಏನೋ ಗುನುಗುತ್ತಾ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ಹುಳಗಳು ಮೋಡ ಕಟ್ಟಿದ್ದವು. ಕತ್ತಿನ ಮೇಲೆ ಆಗಲೇ ನಾಲ್ಕೈದು ಕೂತಿದ್ದವು. ಅವರಿಗೆ ಗೊತ್ತೇ ಇರಲಿಲ್ಲ.

"ಮಾವಾ! ಮುಚ್ಚಿ! ಬಾಳೆಹಣ್ಣು!" ಎಂದು ಕಿರುಚಿದೆ.

ಅವರು ನನ್ನತ್ತ ತಿರುಗಿ ನೋಡಿದ ನೋಟವನ್ನು ನಾನು ಮರೆತಿಲ್ಲ. ಹೆದರಿಕೆಯಲ್ಲ ಅದು, ನಾಚಿಕೆ. ಅಷ್ಟರಲ್ಲಿ ಹುಳಗಳು ಮುತ್ತಿದವು. ಅಷ್ಟು ಕಡಿಯುತ್ತಿದ್ದರೂ ಅವರು ಎರಿಯನ್ನು ಮೆಲ್ಲಗೆ ಒಳಗಿಟ್ಟು, ಒಂದು ಹುಳವೂ ಜಜ್ಜಿಹೋಗದಂತೆ ಮುಚ್ಚಳ ಹಾಕಿ, ಆಮೇಲೆ ಓಡಿದರು. ನಾನು ನೆಂದ ಗೋಣಿಚೀಲ ಅವರ ಮೇಲೆ ಎಸೆದು ಒಳಗೆ ಎಳೆದುಕೊಂಡೆ.

ಅತ್ತೆ ಉಗುರಿನಿಂದ ಒಂದೊಂದೇ ಮುಳ್ಳು ಕೀಸಿ ತೆಗೆದರು. ನಲವತ್ತರ ಮೇಲಿದ್ದವು. ಕಲ್ಲೇಶ್ ಡಾಕ್ಟರನ್ನು ಕರೆತಂದು ಇಂಜೆಕ್ಷನ್ ಹಾಕಿಸಿದರು. ಮರುದಿನ ಜ್ವರ ಇಳಿದ ಮೇಲೆ ಗಂಜಿ ಕೊಡಲು ಹೋದೆ. ಲೋಟ ಕೈಗಿಟ್ಟು ಕೇಳಿದೆ.

"ವಾಸನೆ ಯಾವಾಗಿಂದ ಬರ್ತಿಲ್ಲ ಮಾವ?"

ಅವರು ಲೋಟ ಕೆಳಗಿಟ್ಟರು. "ಪಂಪ್‌ಮನೆಯಿಂದ ಈಚೆಗೆ. ಏನೂ ಬರಲ್ಲ ಕಣವ್ವ. ಜೇನು ನಾಲ್ಗೆ ಮೇಲಿಟ್ರೂ ಬರೀ ಸೀ, ಹೂವು ಯಾವುದು ಅಂತ ಗೊತ್ತಾಗಲ್ಲ. ತಿಂಗಳು ನೋಡಿ, ಬಣ್ಣ ನೋಡಿ ನಜೀರ್‌ಗೆ ಹೇಳ್ತಾ ಬಂದೆ. ಸುಳ್ಳು ಹೇಳಿಲ್ಲ. ಆದ್ರೆ ಮೂಸಿ ಗೊತ್ತಾಗಿ ಹೇಳಿದ್ದೂ ಅಲ್ಲ."

ಐದು ತಿಂಗಳು ಒಬ್ಬರೇ ನುಂಗಿಕೊಂಡಿದ್ದರು. ನನಗೆ ಅವರ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು, ಜೊತೆಗೆ ನನ್ನ ಮೇಲೆ ಅಸಹ್ಯ. ಉಪ್ಪಿಲ್ಲದ ಸಾರು ಉಂಡವರನ್ನು ನಾನು ಗಡಿಬಿಡಿಯವರು ಎಂದುಕೊಂಡಿದ್ದೆನಲ್ಲ.

ಸಾಬರಿಗೆ ಮಾವ ತಾವೇ ಹೇಳಿದರು, ಹುಣಿಸೆಮರದ ಕೆಳಗೆ, ತಲೆ ತಗ್ಗಿಸಿಕೊಂಡು. ಸಾಬರು ಬೈಯಲಿಲ್ಲ. ಮರುವಾರ ಗುಲಾಬಿ, ಕೇದಗೆ, ಲಾವಂಚದ ಪುಟ್ಟ ಅತ್ತರು ಸೀಸೆಗಳನ್ನು ತಂದರು. "ದಿನಾ ಮೂಸಿ. ಮೂಗಿಗೆ ನೆನಪು ಬರಬೋದು ಅಂತ ನಮ್ಮ ಡಾಕ್ಟ್ರು ಹೇಳ್ತಾರೆ" ಎಂದರು. ಸೀಸೆಗಳು ಮರದ ಪೊಟರೆಯಲ್ಲೇ ಇದ್ದವು. ಮಾವ ತಿಂಗಳಿಡೀ ಬೆಳಿಗ್ಗೆ ಅಲ್ಲಿಗೆ ಹೋಗಿ, ಒಂದೊಂದನ್ನೂ ಮೂಸಿ, ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ನಾನು ಮುಖ ನೋಡುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದರು. "ಅಜ್ಜಂಪುರದ ಹೊನ್ನೇಶ್ ಒಳ್ಳೆಯೋನು, ಹುಳ ಬಲ್ಲೋನು. ಹದಿನಾಲ್ಕೂ ಪೆಟ್ಟಿಗೆ ಅವನಿಗೆ ಕೊಟ್ಬಿಡ್ತೀನಿ. ಸೋಮವಾರ ಸಂಜೆ ಬತ್ತಾನೆ."

ಅತ್ತೆ ತಟ್ಟೆಯಲ್ಲೇ ಕೈ ನಿಲ್ಲಿಸಿದರು. "ನಿಮ್ಮ ಮುತ್ತಜ್ಜನ ಕಾಲ್ದಿಂದ..."

"ಮೂಗಿಲ್ಲದೋನು ಹುಳ ಸಾಕ್ಬಾರ್ದು ಕಣೇ. ಅವು ಬ್ಯಾಡ ಅಂತ ಹೇಳ್ತವೆ, ನಂಗೆ ಗೊತ್ತಾಗಲ್ಲ. ಅವತ್ತು ನಂಗೆ ಕಚ್ಚಿ ನಲವತ್ತು ಹುಳ ಸತ್ತೋದ್ವು. ನನ್ ನೋವಲ್ಲ ಅದು, ಅವು ಸತ್ವಲ್ಲ." ಕಲ್ಲೇಶ್ ಎದ್ದು ಹೊರಗೆ ಹೋದರು. ತನ್ನ ಕೈಲಿ ಆಗುವುದಿದ್ದರೆ ಇದು ಹೀಗಾಗುತ್ತಿರಲಿಲ್ಲ ಎಂಬ ಸಂಕಟ ಅವರದು.

ಮೂರು ದಿನ ನನಗೆ ನಿದ್ದೆ ಹತ್ತಲಿಲ್ಲ. ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಮಂಡಿಯವನ ಮಗಳು ನಾನು, ಎಂಟು ವರ್ಷ ಈ ಪೆಟ್ಟಿಗೆಗಳಿಗಾಗಿ ಬಾಯಿ ಕಟ್ಟಿದವಳು. ಬಸುರಿಯಾಗಿ ಬಾಳೆಹಣ್ಣಿನ ಬಯಕೆ ಹತ್ತಿದಾಗಲೂ ತರೀಕೆರೆಗೆ ಬಸ್ಸು ಹತ್ತಿದೆನೇ ಹೊರತು ಮನೆಗೆ ತರಲಿಲ್ಲ. ಈಗ ಅವು ಅಜ್ಜಂಪುರಕ್ಕೆ ಹೊರಟಿವೆಯಂತೆ! ನನ್ನ ಬಾಳೆಹಣ್ಣಿಗೆ ಜವಾಬು ಕೊಡುವವರು ಯಾರು? ಜೇನುಹುಳ ಕಂಡರೆ ಆಗಲೂ ನನಗೆ ಹೆದರಿಕೆಯೇ. ಎಂಟು ವರ್ಷದಲ್ಲಿ ಪೆಟ್ಟಿಗೆಯಿಂದ ಹತ್ತು ಮಾರು ದೂರ ಕಾಪಾಡಿಕೊಂಡವಳು ನಾನು. ಆದರೆ ಸಿಟ್ಟು ಹೆದರಿಕೆಗಿಂತ ದೊಡ್ಡದಿತ್ತು.

ಸೋಮವಾರ ಬೆಳಿಗ್ಗೆ, ಕೊಡುವ ಮುಂಚೆ ಪ್ರತಿ ಪೆಟ್ಟಿಗೆಯಲ್ಲೂ ರಾಣಿ ಸರಿಯಾಗಿದೆಯೇ ನೋಡಬೇಕೆಂದು ಮಾವ ಇಳಿಜಾರಿಗೆ ಹೋದರು. ಈ ಸಲ ಮುಖಕ್ಕೆ ಬಲೆ ಹಾಕಿದ್ದರು. ನಾನು ತಲೆಗೆ ಸೆರಗು ಸುತ್ತಿಕೊಂಡು ಹೋಗಿ ಅವರ ಎಡಗಡೆ ನಿಂತೆ.

"ನೀನ್ಯಾಕ್ ಬಂದೆ? ದೂರ ಹೋಗು."

"ಇಲ್ಲೇ ನಿಲ್ತೀನಿ."

"ಕಡಿತವೆ ಕಣವ್ವ."

"ಕಡೀಲಿ. ನೀವು ಪೆಟ್ಟಿಗೆ ತೆಗೀರಿ."

ಅವರು ಹೊಗೆಯಾಡಿಸಿ ಮುಚ್ಚಳ ಎತ್ತಿದರು. ಮೊದಲ ಪೆಟ್ಟಿಗೆಯಲ್ಲಿ ಮೇಣ, ತೆಂಗಿನ ಹೊಗೆ, ಏನೋ ಬೆಚ್ಚನೆಯ ಸಿಹಿ. ಎರಡನೆಯದೂ ಹಾಗೆಯೇ. ಐದನೆಯದರ ಮುಚ್ಚಳ ಎತ್ತಿ ಎರಡು ಎರಿ ನೋಡಿದ್ದರು. ಗಾಳಿಯಲ್ಲಿ ಒಂದು ಎಳೆ ಬಂತು. ಅಪ್ಪನ ಕತ್ತಲೆ ಕೋಣೆಯ ಮೂಲೆಯಲ್ಲಿ ಮೊದಲ ಕಾಯಿ ಹಣ್ಣಾದಾಗ ಬರುತ್ತಿತ್ತಲ್ಲ, ಅಷ್ಟೇ.

"ಮುಚ್ಚಿ ಮಾವ."

ಅವರು ಎರಿಯನ್ನು ತಿರುಗಿಸಿ ನೋಡಿದರು. "ಸುಮ್ಕೆ ಅವಲ್ಲವ್ವ. ಏನೂ ಇಲ್ಲ."

"ಇದೆ. ಮುಚ್ಚಿ."

ಅವರು ತಡೆದರು. ಅಷ್ಟರಲ್ಲಿ ಒಂದು ಹುಳ ಬಂದು ಅವರ ತೋಳಿಗೆ ಚುಚ್ಚಿತು, ಹಿಂದೆಯೇ ಇನ್ನೆರಡು. ತಕ್ಷಣ ಮುಚ್ಚಳ ಹಾಕಿದರು. ಇಬ್ಬರೂ ಹಿಂದೆ ಸರಿದೆವು. ನನ್ನ ಕೆನ್ನೆಗೂ ಒಂದು ಕಚ್ಚಿತ್ತು. ಉರಿಯಿಂದ ಕಣ್ಣಲ್ಲಿ ನೀರು ಬಂದರೂ ನಾನು ನಿಂತ ಜಾಗ ಬಿಡಲಿಲ್ಲ. ಮಾವ ನನ್ನನ್ನೇ ನೋಡುತ್ತಿದ್ದರು.

"ನಿಂಗೆ ಹೆಂಗ್ ಗೊತ್ತಾಯ್ತೇ, ಅಷ್ಟ್ ಬೇಗ?"

"ನಾನು ಯಾರ ಮಗಳು ಅಂದ್ಕೊಂಡ್ರಿ? ನೀವು ಬಾಗಿಲಲ್ಲೇ ತಡೆದಿದ್ದು ಯಾರ ಗೊನೇನ?"

ಅವರು ನಕ್ಕರು. ಪಂಪ್‌ಮನೆಯಿಂದ ಬಂದ ಮೇಲೆ ನಕ್ಕಿದ್ದು ಅದೇ ಮೊದಲು. ಮುಖದ ಬಲೆ ತೆಗೆದು ಹೆಗಲ ಮೇಲೆ ಹಾಕಿಕೊಂಡು ಆರನೆಯ ಪೆಟ್ಟಿಗೆಗೆ ಹೋದರು. ಒಂಬತ್ತನೆಯದರಲ್ಲಿ ನಾನು "ಮುಚ್ಚಿ" ಎಂದಾಗ ಯಾಕೆಂದು ಕೇಳಲಿಲ್ಲ. ನಾನು ಮಾತು ಮುಗಿಸುವ ಮೊದಲೇ ಮುಚ್ಚಿದ್ದರು. ಒಂದು ಹುಳವೂ ಕಡಿಯಲಿಲ್ಲ, ಒಂದೂ ಸಾಯಲಿಲ್ಲ.

ಹದಿನಾಲ್ಕೂ ಮುಗಿದ ಮೇಲೆ ಕಲ್ಲಿನ ಮೇಲೆ ಕೂತು ಹೊನ್ನೇಶ್‌ಗೆ ಫೋನ್ ಮಾಡಿದರು. "ಬರಬ್ಯಾಡ ಕಣಪ್ಪ. ಬೇಜಾರು ಮಾಡ್ಕೋಬ್ಯಾಡ. ಮನೇಲೇ ಮೂಗೈತೆ, ನಂಗೆ ಗೊತ್ತಿರ್ಲಿಲ್ಲ." ಫೋನ್ ಜೇಬಿಗೆ ಹಾಕಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರನ್ನಷ್ಟೇ ಒರೆಸಿದರು ಎಂದು ನಾನು ನಂಬಿದೆ.

ಆ ವಾರ ಜೇನು ಕೊಡಲು ಕಡೂರಿಗೆ ಹೋದವರು ಸಂಜೆ ಊರಿಗೆ ಬಂದು, ಮನೆಗೆ ಬಾರದೆ ಹುಣಿಸೆಮರದ ಹತ್ತಿರದಿಂದ ನನಗೆ ಫೋನ್ ಮಾಡಿದರು. "ಬಾ ಇಲ್ಲಿ. ನೀನೊಬ್ಳೇ ಬಾ." ಏನಾಯಿತೋ ಎಂದು ಓಡಿದೆ. ಮರದ ಬೇರಿನ ಮೇಲೆ ಪೇಪರು ಹಾಸಿ ಕೂತಿದ್ದರು. ಪಕ್ಕದಲ್ಲಿ ಎರಡು ಚಿಪ್ಪು ಪುಟ್ಟಬಾಳೆ, ಒಂದು ಬಾಟಲಿ ನೀರು.

"ಕೂತ್ಕೊಂಡ್ ತಿನ್ನು" ಎಂದರು.

ಹನ್ನೆರಡು ಊರಿನ ಜನ ನೋಡಿದರೂ ಚಿಂತೆಯಿಲ್ಲ ಎಂಬಂತೆ ಅತ್ತುಕೊಂಡೇ ನಾಲ್ಕು ಹಣ್ಣು ತಿಂದೆ. ಅವರು ಸಿಪ್ಪೆಗಳನ್ನು ಒಂದೊಂದಾಗಿ ತೆಗೆದುಕೊಂಡು ಪೇಪರಿನಲ್ಲಿ ಸುತ್ತುತ್ತಿದ್ದರು. ಒಂದನ್ನು ಮೂಗಿನ ಹತ್ತಿರ ಹಿಡಿದು, ಇಳಿಸಿದರು.

"ವಾಸ್ನೆ ಹೆಂಗೈತೆ, ಹೇಳು."

ನಾನು ಹೇಳಿದೆ. ಅಪ್ಪನ ಕೋಣೆ, ಹೊಗೆ, ತೊಟ್ಟಿನ ಹತ್ತಿರದ ಹಸಿ, ಸಿಪ್ಪೆ ಬಿಡಿಸಿದಾಗ ಏಳುವ ಸಿಹಿ, ಎಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಅವರ ಮೂಗು ಇವತ್ತಿಗೂ ಬಂದಿಲ್ಲ. ನಾಲ್ಕು ವರ್ಷದಿಂದ ಪೆಟ್ಟಿಗೆ ಅವರು ತೆರೆಯುತ್ತಾರೆ, ಎಡಗಡೆ ನಾನು ನಿಲ್ಲುತ್ತೇನೆ. ಸೀಸೆ ಮೂಸಿ ಇದು ಹೀಗಿದೆ ಎಂದು ನಾನು ಹೇಳಿದರೆ, ಅದು ಯಾವ ಹೂವಿನದೆಂದು ಅವರು ನೆನಪಿನಿಂದ ಹೇಳುತ್ತಾರೆ. ಇಬ್ಬರ ಮಾತೂ ಕೂಡಿದರೆ ಮಾತ್ರ ಸಾಬರು ಚೀಟಿ ಬರೆಯುತ್ತಾರೆ. ಕಡೂರಿಗೆ ಹೋಗಿ ಬಂದಾಗಲೆಲ್ಲ ಮಾವ ಮರದ ಕೆಳಗೆ ನನಗಾಗಿ ಕಾಯುತ್ತಾರೆ. ಒಮ್ಮೊಮ್ಮೆ ಅತ್ತೆಯೂ ನನ್ನ ಹಿಂದೆ ಬರುವುದುಂಟು.

ತಿಂದಾದ ಮೇಲೆ ಅವರೇ ಬಾಟಲಿ ಬಗ್ಗಿಸಿ ನನ್ನ ಕೈಬಾಯಿಗೆ ನೀರು ಹೊಯ್ದು, ತಮ್ಮ ಕೈಯನ್ನೂ ತೊಳೆದುಕೊಳ್ಳುತ್ತಾರೆ. ಮನೆ ಕಾಣುವ ತಿರುವಿನಲ್ಲಿ ನಿಂತು, "ಮೂಸಿ ನೋಡ್ಕೋ. ಹೋಯ್ತಾ?" ಎಂದು ಕೇಳುತ್ತಾರೆ. ನಾನು ಕೈ ಮೂಸಿಕೊಂಡು "ಹೋಯ್ತು ಮಾವ" ಎನ್ನುತ್ತೇನೆ. ಅಷ್ಟು ಸಾಕು ಅವರಿಗೆ. ಬಲೆಯಿಲ್ಲದ ಮುಖದಲ್ಲೇ ಪೆಟ್ಟಿಗೆಗಳ ಕಡೆ ನಡೆಯುತ್ತಾರೆ.